ಚಕ್ಕಡಿ ಗುಂಬ ಲೇತಿಗೆ ಏರಿದಾಗ

ಲೇತ್ (ಕಟ್ಟಿಗೆ ತಿರುಗಿಸುವ ಯಂತ್ರ) ಮೇಲೆ ಉಳಿ ಹಿಡಿದು ಕಟ್ಟಿಗೆ ಕಡೆಯುವುದನ್ನು ಕಲಿಯುವವರಿಗೆ ಎಲ್ಲರೂ ಹೇಳುವುದು ಒಂದೇ ಮಾತು: ಮೊದಲು ಮೆದು ಕಟ್ಟಿಗೆ ಹಿಡಿ. ಚನ್ನಪಟ್ಟಣದ ಬೊಂಬೆ ಮಾಡುವವರಿಗೆ ಆಲೆಮರ ಇದೆ. ಧಾರವಾಡದಲ್ಲಿ ಕೂತ ನನಗೆ ಪುಕ್ಕಟೆ ಸಿಗುವುದು ಜಾಲಿ, ಹುಣಸೆ, ಬೇವು. ಸಾಮಿಲ್ಲಿನಲ್ಲಿ ಸಾಗವಾನಿ ತುಂಡಿಗೆ ಹೇಳುವ ರೇಟು ಕೇಳಿದರೆ ಅದರ ಮೇಲೆ ಕೈ ಪಳಗಿಸುವ ಮಾತೇ ಇಲ್ಲ. ಹಾಗಾಗಿ ಗಟ್ಟಿ ಕಟ್ಟಿಗೆಯಿಂದಲೇ ಸುರು ಮಾಡಿದೆ. ಈಗ ಯಾರಾದರೂ ಕೇಳಿದರೆ ಅದೇ ಸರಿ ಅನ್ನುತ್ತೇನೆ. ಮೆದು ಕಟ್ಟಿಗೆಯಲ್ಲಿ ಮೊಂಡ ಉಳಿಯನ್ನೂ ತೋಳಿನ ಬಲದಿಂದ ದಬ್ಬಬಹುದು, ಆಮೇಲೆ ಸ್ಯಾಂಡ್ ಪೇಪರ್ ತಿಕ್ಕಿ ಮುಚ್ಚಿಹಾಕಬಹುದು. ಜಾಲಿಯಲ್ಲಿ ಎರಡೂ ನಡೆಯುವುದಿಲ್ಲ.

ನನ್ನ ಲೇತ್ ಸಾದಾ. ಹಳೆ ಹಿಟ್ಟಿನ ಗಿರಣಿಯ 1 ಎಚ್‌ಪಿ ಮೋಟಾರು, 1440 ಆರ್‌ಪಿಎಂ, ಅಂದರೆ ನಿಮಿಷಕ್ಕೆ 1440 ಸುತ್ತು; ಸ್ಪೀಡ್ ಬದಲಿಸಲು ಮೆಟ್ಟಿಲು ಪುಲ್ಲಿ, ವಿ-ಬೆಲ್ಟು. ಬೆಡ್ (ಕೆಳಗಿನ ಚೌಕಟ್ಟು) ಮಾತ್ರ ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ಚಾನಲ್ ಕಬ್ಬಿಣ ವೆಲ್ಡ್ ಮಾಡಿಸಿದ್ದು. ಸ್ಪೀಡಿಗೆ ಒಂದು ಲೆಕ್ಕ ಇದೆ: ತುಂಡಿನ ವ್ಯಾಸದ ಇಂಚನ್ನು ಆರ್‌ಪಿಎಂನಿಂದ ಗುಣಿಸಿದರೆ 6000ದಿಂದ 9000ದೊಳಗೆ ಬರಬೇಕು. 6 ಇಂಚಿನ ತುಂಡಿಗೆ 1000ದಿಂದ 1500. ತೂಕ ಒಂದು ಕಡೆ ಎಳೆಯುವ ಒರಟು ತುಂಡಿಗೆ ಅದಕ್ಕಿಂತಲೂ ಕಡಿಮೆ.

ಕುಂದಗೋಳ ಕಡೆಯ ಒಂದು ಹಿತ್ತಲಿನಲ್ಲಿ ಮುರಿದ ಚಕ್ಕಡಿ ಗಾಲಿ ಬಿದ್ದಿತ್ತು. ಟ್ರ್ಯಾಕ್ಟರ್ ಬಂದ ಮೇಲೆ ಇಂಥವು ಊರೂರಲ್ಲಿ ಬಿದ್ದಿವೆ, ಕಡೆಗೆ ಒಲೆಗೆ ಹೋಗುತ್ತವೆ. ಗಾಲಿಯ ನಡುವಿನ ಗುಂಬ ಅಚ್ಚ ಜಾಲಿಯದು. ಎರಿಹೊಲದ ಬದುವಿನಲ್ಲಿ ಬೆಳೆದ ಜಾಲಿ ಚೆನ್ನಾಗಿ ಒಣಗಿದ ಮೇಲೂ ಘನಮೀಟರಿಗೆ ಸುಮಾರು 800 ಕೆ.ಜಿ. ತೂಗುತ್ತದೆ, ಸಾಗವಾನಿ 650ರ ಆಸುಪಾಸು. ಇದು ಎಷ್ಟೋ ಬೇಸಿಗೆ ಕಂಡ ಕಟ್ಟಿಗೆ, ಬಡಿದರೆ ಠಣ್ ಅನ್ನುತ್ತಿತ್ತು.

ಮೊದಲು ಕಬ್ಬಿಣದ ಪಟ್ಟಿ ಬಿಚ್ಚಿದೆ, ಒಳಗಿನ ಕಬ್ಬಿಣದ ಬಳೆ ಬಡಿದು ಹೊರತೆಗೆದೆ. ಹಳೆ ಸ್ಪೀಕರಿನ ಮ್ಯಾಗ್ನೆಟ್ ಹಿಡಿದು ಸುತ್ತಲೂ ಮೊಳೆ ಹುಡುಕಿದೆ. ಒಂದು ಮೊಳೆ ಉಳಿದರೂ ಉಳಿಯ ಬಾಯಿ ಹೋಯಿತು. ಮೊಳೆ ಇದ್ದಲ್ಲೆಲ್ಲ ಕಟ್ಟಿಗೆ ನೀಲಿಗಪ್ಪಾಗಿತ್ತು. ಜಾಲಿಯಲ್ಲಿ ಟ್ಯಾನಿನ್ ಜಾಸ್ತಿ, ಅದರ ತೊಗಟೆಯಿಂದ ತೊಗಲು ಹದ ಮಾಡುವುದೇ ಅದಕ್ಕೆ. ಕಬ್ಬಿಣಕ್ಕೆ ಪಸೆ ತಾಗಿ ಟ್ಯಾನಿನ್ ಕೂಡಿದರೆ ಶಾಯಿಯೇ ಆಗುತ್ತದೆ. ಆ ಕಲೆ ಕಡೆದಷ್ಟೂ ಆಳಕ್ಕಿತ್ತು, ನಾನೂ ತೆಗೆಯಲು ಹೋಗಲಿಲ್ಲ.

ಅಚ್ಚಿನ ತೂತಿಗೆ ಎರಡೂ ಕಡೆಯಿಂದ ಇಳಿಜಾರಿನ ಗೂಟ ಕಡೆದು ಬಡಿದು, ಆ ಗೂಟಗಳ ನಟ್ಟನಡುವಿಗೆ ಲೇತಿನ ಸೆಂಟರ್ (ತುಂಡನ್ನು ಹಿಡಿಯುವ ಮೊನೆ) ಹಿಡಿಸಿದೆ. 9 ಇಂಚಿನ ಗುಂಬ, 480 ಆರ್‌ಪಿಎಂ. ಅಸಲಿ ತ್ರಾಸು ಅರ ಕೂಡಿಸುವ ತೂತುಗಳದ್ದು. ಉಳಿ ಪ್ರತಿ ತೂತಿನ ಅಂಚಿಗೆ ಟಕ್ ಟಕ್ ಬಡಿಯುತ್ತದೆ, ಅಂಚಿನ ಕಟ್ಟಿಗೆ ಸೀಳಿ ಹಾರುತ್ತದೆ. ಅದೇ ಜಾಲಿಯ ಚಕ್ಕೆಗಳನ್ನು ತೂತಿಗೆ ಸರಿಯಾಗಿ ಕೆತ್ತಿ ಅರಲ್ಡೈಟ್ ಹಾಕಿ ತುಂಬಿದೆ, ಒಂದಿಡೀ ರಾತ್ರಿ ಬಿಟ್ಟೆ. ಮುಖಕ್ಕೆ ಫೇಸ್ ಶೀಲ್ಡ್ ಇಲ್ಲದೆ ಈ ಕೆಲಸಕ್ಕೆ ನಿಲ್ಲಲೇಬಾರದು. ಹ್ಯಾಂಡ್ ಗ್ಲೌಸ್, ಸಡಿಲ ತೋಳಿನ ಅಂಗಿ, ಕೊರಳಿನ ಟವೆಲ್ಲು ಯಾವುದೂ ಬೇಡ.

ಉಳಿ ಹಿಡಿಯುವುದನ್ನು ಹೇಳಿಕೊಟ್ಟವರು ಕಲಘಟಗಿ ಕಡೆಯ ಒಬ್ಬ ಬಡಿಗೇರ ಕಾಕಾ. ನಾನು ಜೋರು ಹಾಕುವುದನ್ನು ನೋಡಿ, "ತಮ್ಮಾ, ಒತ್ತಬ್ಯಾಡ. ಉಳಿ ಬೆನ್ನು ಮೊದಲ ಕಟಗೀಗೆ ತಾಗ್ಲಿ, ಆಮ್ಯಾಲ ಹಿಡಿಕಿ ಸಾವಕಾಶ ಎತ್ತು. ಬಾಯಿ ತಾನ ಕಡೀತದ" ಅಂದರು. ಇಡೀ ವಿದ್ಯೆ ಇದರಲ್ಲೇ ಇದೆ. ಬೆನ್ನು (ಬಾಯಿಯ ಹಿಂದಿನ ಇಳಿಜಾರು) ಬಿಟ್ಟು ಬಾಯಿಯೇ ಮೊದಲು ತಾಗಿತೋ, ಉಳಿ ಕಚ್ಚಿಕೊಂಡು ಒಳಗೆ ಎಳೆಯುತ್ತದೆ. ಟೂಲ್ ರೆಸ್ಟ್ (ಉಳಿ ಊರುವ ಪಟ್ಟಿ) ತುಂಡಿಗೆ ಹತ್ತಿರ ಇರಬೇಕು, ಸ್ವಿಚ್ ಹಾಕುವ ಮೊದಲು ಕೈಯಿಂದ ಒಂದು ಸುತ್ತು ತಿರುಗಿಸಿ ಎಲ್ಲೂ ತಾಗುವುದಿಲ್ಲ ಅಂತ ನೋಡಬೇಕು.

ಒಣ ಜಾಲಿ ಉಳಿಯ ಬಾಯಿಯನ್ನು ಬೇಗ ತಿನ್ನುತ್ತದೆ. ಸಿಪ್ಪೆ ಹೋಗಿ ಬರೇ ಪುಡಿ ಬರತೊಡಗಿದರೆ ಸಾಣೆಗೆ ಹೋಗುವ ಹೊತ್ತಾಯಿತು ಅಂತ ತಿಳಿಯಬೇಕು, ಅದಕ್ಕಿಂತ ಒಂದು ನಿಮಿಷ ಮುಂಚೆ ಹೋದರೆ ಇನ್ನೂ ಒಳ್ಳೆಯದು. ಊರ ಕಮ್ಮಾರ ಬಡಿದುಕೊಟ್ಟ ಸಾದಾ ಉಕ್ಕಿನ ಉಳಿ ಸಾಣೆಕಲ್ಲಿನ ಮೇಲೆ ನೀಲಿ ಬಣ್ಣಕ್ಕೆ ತಿರುಗಿದರೆ ಅದರ ಹದ ಹೋಯಿತು, ಪಕ್ಕದಲ್ಲಿ ನೀರು ಇರಲೇಬೇಕು. ಹೈಸ್ಪೀಡ್ ಸ್ಟೀಲಿಗೆ ಆ ಹೆದರಿಕೆ ಕಡಿಮೆ. ಜಾಲಿಗೆ ನಾನು ಅದನ್ನೇ ಬಳಸುತ್ತೇನೆ, ದುಡ್ಡು ಹೋದರೂ ಚಿಂತೆಯಿಲ್ಲ.

ಹಸಿ ಜಾಲಿಯದು ಬೇರೆಯೇ ಕಥೆ. ಕಡೆಯಲು ಸುಲಭ, ಉದ್ದುದ್ದ ಸಿಪ್ಪೆ ಬರುತ್ತದೆ, ಆದರೆ ಒಣಗುವಾಗ ಸೀಳುತ್ತದೆ. ಸೀಳು ನಡುತಿರುಳಿನಿಂದ ಸುರುವಾಗುವುದರಿಂದ ದಿಮ್ಮಿಯನ್ನು ತಿರುಳಿನ ಮೇಲೆಯೇ ಕೊಯ್ದು ಅದನ್ನು ತೆಗೆದುಬಿಡಬೇಕು. ಬಟ್ಟಲಿನ ಗೋಡೆಯನ್ನು ವ್ಯಾಸದ ಹತ್ತರಲ್ಲಿ ಒಂದು ಭಾಗ ದಪ್ಪ ಬಿಟ್ಟು, ನಾರಿನ ತುದಿಗಳಿಗೆ ಮೇಣ ಬಳಿದು, ಕಟ್ಟಿಗೆಯ ಪುಡಿ ತುಂಬಿದ ಚೀಲದಲ್ಲಿ ಇಟ್ಟರೆ ನಿಧಾನ ಒಣಗುತ್ತದೆ. ತಕ್ಕಡಿಯಲ್ಲಿ ತೂಕ ಇಳಿಯುವುದು ನಿಂತ ಮೇಲೆ ಎರಡನೇ ಸಲ ಲೇತಿಗೆ. ಧಾರವಾಡದ ಮಳೆಗಾಲದಲ್ಲಿ ಪೂರ್ತಿ ಕಡೆದು ಮುಗಿಸಿದ್ದನ್ನು ಗದಗಿನ ಬೇಸಿಗೆಗೆ ಒಯ್ದರೆ ಸೊಟ್ಟಗಾಗುವುದು ಗ್ಯಾರಂಟಿ. ಇನ್ನೊಂದು ಮಾತು: ರಫಿಂಗ್ ಗೌಜ್ (ಒರಟು ತುಂಡನ್ನು ದುಂಡಗೆ ಮಾಡುವ ದೊಡ್ಡ ಉಳಿ) ಗುಂಬಕ್ಕೆ ಸರಿ, ಯಾಕಂದರೆ ಅಲ್ಲಿ ನಾರು ಉದ್ದಕ್ಕೆ ಓಡುತ್ತದೆ. ಅಡ್ಡ ನಾರಿನ ಬಟ್ಟಲಿಗೆ ಅದನ್ನು ಹಚ್ಚಿದರೆ ಹಿಡಿಕೆಯ ಹತ್ತಿರ ಮುರಿಯುವ ಅಪಾಯವಿದೆ.

ಹುಣಸೆಯ ನಾರು ಒಂದಕ್ಕೊಂದು ಹೆಣೆದಿರುತ್ತದೆ, ಗಾಣಕ್ಕೂ ಒನಕೆಗೂ ಅದನ್ನೇ ಆರಿಸುತ್ತಿದ್ದದ್ದು ಸುಮ್ಮನೆ ಅಲ್ಲ. ಕೊನೆಯ ಸಲಕ್ಕೆ ಸ್ಕ್ರೇಪರಿನ (ಕೆರೆಯುವ ಉಳಿಯ) ಬಾಯಿ ಸ್ವಲ್ಪ ಕೆಳಗೆ ವಾಲಿಸಿ ಹಗುರಾಗಿ ಸವರಿದರೆ ಮಾತ್ರ ನಾರು ಕೀಳುವುದಿಲ್ಲ.

ಗುಂಬ ಈಗ ಟೇಬಲ್ ಲ್ಯಾಂಪಿನ ಬುಡ. ವೈರಿಗೆ ತೂತು ಮೊದಲೇ ಇತ್ತು. ಅರಗು ಹಚ್ಚು ಅಂತ ಕಾಕಾ ಗಂಟು ಬಿದ್ದಿದ್ದರು. ತಿರುಗುವ ಕಟ್ಟಿಗೆಗೆ ಅರಗಿನ ಕಡ್ಡಿ ಒತ್ತಿದರೆ ಅದು ತಿಕ್ಕಾಟದ ಬಿಸಿಗೇ ಕರಗಿ ಹತ್ತುತ್ತದೆ, ಕೇದಗೆ ಗರಿಯಿಂದ ಹರವುತ್ತಾರೆ. ಆದರೆ ವರ್ಷಗಟ್ಟಲೆ ಗ್ರೀಸ್ ಕುಡಿದ ಗುಂಬಕ್ಕೆ ಅರಗು ಹಿಡಿಯಲಿಲ್ಲ. ಥಿನ್ನರಿನಿಂದ ಒರೆಸಿ, ಅಗಸಿ ಎಣ್ಣೆಗೆ ಜೇನುಮೇಣ ಕರಗಿಸಿ ಹಚ್ಚಿದೆ. ಹೀಗೆ ಗ್ರೀಸ್ ಕುಡಿದ ಕಟ್ಟಿಗೆಯಿಂದ ಊಟದ ಸಾಮಾನು ಮಾತ್ರ ಮಾಡಬೇಡಿ. ಅಗಸಿ ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಬಿಸಾಡಲೂಬೇಡಿ, ಅದು ತಾನೇ ಕಾದು ಹೊತ್ತಿಕೊಳ್ಳುತ್ತದೆ. ಹೊರಗೆ ಹಗ್ಗದ ಮೇಲೆ ಬಿಡಿಸಿ ಹಾಕಿ, ಬಿರುಸಾಗುವ ತನಕ ಒಣಗಲಿ.