ಔಟ್‌ಬೋರ್ಡ್ ಎಂಜಿನಿನ ಸಣ್ಣ ಸಾಮಾನು: ನಾನು ಬದಲಾಯಿಸುವ ರೀತಿ

ಮೇ ತಿಂಗಳು ಬಂತೆಂದರೆ ನಾನು ದೋಣಿಯ ಹಿಂಬದಿಗೆ ನೇತುಹಾಕುವ ಔಟ್‌ಬೋರ್ಡ್ ಎಂಜಿನ್ ಬಿಚ್ಚಲು ಕೂರುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ದೊಡ್ಡ ಬೋಟುಗಳು ಮೀನು ಹಿಡಿಯಲು ಕಡಲಿಗೆ ಇಳಿಯುವ ಹಾಗಿಲ್ಲ, ಸರ್ಕಾರದ ನಿಷೇಧ ಇರುತ್ತದೆ. 10 ಅಶ್ವಶಕ್ತಿಯವರೆಗಿನ ಎಂಜಿನ್ ಹಾಕಿದ ನಾಡದೋಣಿಗಳಿಗೆ ಮಾತ್ರ ಅವಕಾಶ ಉಂಟು. ಹಾಗಾಗಿ ಒಳ್ಳೆ ದುಡಿಮೆಯೂ ಕೆಟ್ಟ ಕಡಲೂ ನಮಗೆ ಒಟ್ಟಿಗೇ ಬರುತ್ತವೆ. ಉಡುಪಿ ಜಿಲ್ಲೆಯ ಗಂಗೊಳ್ಳಿ ಅಳಿವೆಯಲ್ಲಿ ಹೊಳೆ ನೀರು ಹೊರಗೆ ನುಗ್ಗುತ್ತಿರುತ್ತದೆ, ಕಡಲು ಒಳಗೆ ಬರುತ್ತಿರುತ್ತದೆ. ಅಲ್ಲಿ ಎಂಜಿನ್ ನಿಂತರೆ ದೋಣಿ ಅಲೆಗೆ ಅಡ್ಡ ತಿರುಗುತ್ತದೆ. ಆಮೇಲೆ ಹುಟ್ಟು ಹಿಡಿದು ಏನೂ ಮಾಡಲಾಗುವುದಿಲ್ಲ.

ನಾನು ಕಂಡ ಹಾಗೆ ಪಿಸ್ಟನ್ ಒಡೆದು, ಕ್ರ್ಯಾಂಕ್ ಮುರಿದು ಎಂಜಿನ್ ನಿಲ್ಲುವುದು ಕಡಿಮೆ. ಜಾಸ್ತಿ ಸಲ ಕಾರಣ ಸಣ್ಣದು. ಫ್ಯಾನಿನ, ಅಂದರೆ ನೀರಲ್ಲಿ ತಿರುಗಿ ದೋಣಿ ತಳ್ಳುವ ಪ್ರೊಪೆಲ್ಲರಿನ, ನಟ್ಟು ಸಡಿಲವಾಗದಂತೆ ತಡೆಯುವ ಸ್ಪ್ಲಿಟ್ ಪಿನ್ ತುಂಡಾಗಿರುತ್ತದೆ. ಇಂಧನದ ಪೈಪಿನ ಕ್ಲಿಪ್ ತುಕ್ಕು ಹಿಡಿದು ಗಾಳಿ ಎಳೆಯುತ್ತಿರುತ್ತದೆ. ನೀರಿನ ಪಂಪಿನ ರಬ್ಬರ್ ಎಲೆ ಹರಿದಿರುತ್ತದೆ. ಒಂದು ಚಹಾದ ದುಡ್ಡಿಗೆ ಸಿಗುವ ಪಿನ್ನನ್ನು ದಡದಲ್ಲಿ ಬದಲಾಯಿಸದೆ ಬಿಟ್ಟರೆ ಕಡಲಲ್ಲಿ ನಾಲ್ಕು ಜನರ ಜೀವದ ಪ್ರಶ್ನೆ ಆಗುತ್ತದೆ. ಅದಕ್ಕೇ ಈ ಕೆಲಸವನ್ನು ನಾನೇ ಮಾಡುತ್ತೇನೆ. ದೊಡ್ಡ ರಿಪೇರಿ ಇದ್ದರೆ ಮೆಕ್ಯಾನಿಕ್ಕು. ನಟ್ಟು, ಬೋಲ್ಟು, ಪಿನ್ನು, ವಾಷರ್ರು ಮಾತ್ರ ನನ್ನ ಕೈಯಲ್ಲೇ ಆಗಬೇಕು.

ಮೊದಲು ಲೋಹದ ವಿಷಯ. ಎಂಜಿನಿನ ಮೈ ಅಲ್ಯೂಮಿನಿಯಂ. ಶಾಫ್ಟು, ಬೋಲ್ಟು ಸ್ಟೇನ್‌ಲೆಸ್ ಸ್ಟೀಲು. ಎರಡು ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡು ಉಪ್ಪು ನೀರಲ್ಲಿ ಮುಳುಗಿದರೆ ಅವುಗಳ ನಡುವೆ ಸಣ್ಣಗೆ ಕರೆಂಟ್ ಹರಿಯುತ್ತದೆ. ಸವೆಯುವುದು ಯಾವಾಗಲೂ ಅಲ್ಯೂಮಿನಿಯಂ. ಬೋಲ್ಟಿನ ತಲೆ ಹೊಳೆಯುತ್ತಲೇ ಇರುತ್ತದೆ, ಸುತ್ತ ಬಿಳಿ ಪುಡಿ ಕಟ್ಟಿರುತ್ತದೆ. ಆ ಪುಡಿ ಥ್ರೆಡ್ಡಿನ ಒಳಗೆ ಇಳಿದು ಬೋಲ್ಟನ್ನು ಕಚ್ಚಿ ಹಿಡಿಯುತ್ತದೆ. ಇದನ್ನು ತಡೆಯಲಿಕ್ಕೆಂದೇ ಕೆಳಗೆ ಒಂದು ಜಿಂಕ್ ತುಂಡು ಕೂರಿಸಿರುತ್ತಾರೆ. ಅಲ್ಯೂಮಿನಿಯಮ್ಮಿಗಿಂತ ಮೊದಲು ಅದು ಸವೆಯುತ್ತದೆ. ಸವೆಯುವುದೇ ಅದರ ಕೆಲಸ. ಹೊಸದಾಗಿಯೇ ಉಳಿದಿದೆ ಎಂದರೆ ಖುಷಿಪಡಬೇಡಿ, ಅದು ಮೈಗೆ ಸರಿಯಾಗಿ ತಾಗಿಲ್ಲ ಎಂದೇ ತಿಳಿಯಿರಿ. ಅರ್ಧ ಕರಗಿದ ಕೂಡಲೇ ನಾನು ಬದಲಾಯಿಸುತ್ತೇನೆ. ಹೊಸದನ್ನು ಕೂರಿಸುವ ಜಾಗವನ್ನು ವೈರ್ ಬ್ರಶ್‌ನಲ್ಲಿ ಉಜ್ಜಿ ಬರೀ ಲೋಹ ಕಾಣುವ ಹಾಗೆ ಮಾಡುತ್ತೇನೆ. ಎಂಜಿನಿಗೆ ಪೇಂಟ್ ಹೊಡೆಯುವಾಗ ಜಿಂಕಿಗೂ ಸೇರಿಸಿ ಹೊಡೆದುಬಿಡುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಪೇಂಟ್ ಬಿದ್ದ ಜಿಂಕ್ ಇದ್ದೂ ಇಲ್ಲದ ಹಾಗೆ. ದೋಣಿ ಹೆಚ್ಚು ಹೊತ್ತು ಹೊಳೆಯ ಸಿಹಿನೀರಲ್ಲೇ ಇರುತ್ತದೆ ಎಂದಾದರೆ ಜಿಂಕಿನ ಬದಲು ಅಲ್ಯೂಮಿನಿಯಂ ಮಿಶ್ರಲೋಹದ ತುಂಡು ಒಳ್ಳೆಯದು. ಸಿಹಿನೀರಲ್ಲಿ ಜಿಂಕಿನ ಮೇಲೆ ಪೊರೆ ಕಟ್ಟಿ ಕೆಲಸ ನಿಲ್ಲುತ್ತದೆ.

ಇನ್ನು ಬೋಲ್ಟು. ಹಾರ್ಡ್‌ವೇರ್ ಅಂಗಡಿಗೆ ಹೋಗುವಾಗ ನನ್ನ ಕಿಸೆಯಲ್ಲಿ ಒಂದು ಅಯಸ್ಕಾಂತ ಇರುತ್ತದೆ. "ಸ್ಟೀಲೇ ಮಾರಾಯ್ರೆ" ಎಂದು ಅಂಗಡಿಯವರು ಕೊಡುವುದರಲ್ಲಿ ಪಾಲಿಶ್ ಕೊಟ್ಟ ಕಬ್ಬಿಣವೂ ಇರುತ್ತದೆ, ಅವರಿಗೂ ಗೊತ್ತಿರುವುದಿಲ್ಲ. ಅಯಸ್ಕಾಂತ ಗಟ್ಟಿಯಾಗಿ ಹಿಡಿದರೆ ಅದು ಬೇಡ. ಒಳ್ಳೆ ಸ್ಟೇನ್‌ಲೆಸ್ ಹಿಡಿಯುವುದಿಲ್ಲ, ಹಿಡಿದರೂ ಅಲ್ಪಸ್ವಲ್ಪ. ಆಮೇಲೆ ತಲೆಯ ಮೇಲಿನ ಗುರುತು ನೋಡುತ್ತೇನೆ. ಎ2 ಎಂದಿದ್ದರೆ 304 ದರ್ಜೆ, ಎ4 ಎಂದಿದ್ದರೆ 316. 316ರಲ್ಲಿ ಮಾಲಿಬ್ಡಿನಂ ಇರುತ್ತದೆ, ಉಪ್ಪು ನೀರಿಗೆ ಅದೇ ತಡೆಯುವುದು. ನೀರಲ್ಲಿ ಮುಳುಗುವ ಜಾಗಕ್ಕೆ ನಾನು 316 ಬಿಟ್ಟು ಬೇರೆ ಹಾಕುವುದಿಲ್ಲ. ಮೇಲಿನ ಮುಚ್ಚಳದ ಹತ್ತಿರ 304 ನಡೆಯುತ್ತದೆ.

ಅಳತೆಯಲ್ಲಿ ಇನ್ನೊಂದು ಕಷ್ಟ ಉಂಟು. ಜಪಾನಿನ ಎಂಜಿನುಗಳಲ್ಲಿ ಎಲ್ಲ ಮಿಲಿಮೀಟರ್ ಲೆಕ್ಕ. ನಮ್ಮ ಅಂಗಡಿಗಳಲ್ಲಿ ಇನ್ನೂ ಸೂತದ ಲೆಕ್ಕ ಹೋಗಿಲ್ಲ, ಒಂದು ಸೂತ ಅಂದರೆ ಇಂಚಿನ ಎಂಟನೇ ಒಂದು ಪಾಲು. ಎರಡೂವರೆ ಸೂತದ ಬೋಲ್ಟು ಅಂದರೆ ಒಂದು ಇಂಚಿನಲ್ಲಿ ಹದಿನಾರರ ಐದು ಪಾಲು, ಸುಮಾರು 7.9 ಮಿಲಿಮೀಟರ್. ಕಣ್ಣಿಗೆ 8 ಮಿಲಿಮೀಟರ್ ಬೋಲ್ಟಿಗೂ ಇದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಥ್ರೆಡ್ ಮಾತ್ರ ಬೇರೆ. 8 ಮಿಲಿಮೀಟರಿನದಕ್ಕೆ ಥ್ರೆಡ್ಡಿನ ಅಂತರ 1.25, ಸೂತದ್ದಕ್ಕೆ ಸುಮಾರು 1.4. ಒಂದೆರಡು ಸುತ್ತು ಬೆರಳಲ್ಲೇ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಬಿಗಿಯಾಯಿತಲ್ಲ ಎಂದು ಸ್ಪ್ಯಾನರ್ ಹಾಕಿ ತಿರುಗಿಸಿದರೆ ಅಲ್ಯೂಮಿನಿಯಮ್ಮಿನ ಥ್ರೆಡ್ ಕಿತ್ತು ಬರುತ್ತದೆ. ಅದಕ್ಕೆ ನನ್ನದೊಂದು ನಿಯಮ: ಯಾವ ಬೋಲ್ಟೇ ಇರಲಿ, ಬೆರಳಲ್ಲಿ ಐದಾರು ಸುತ್ತು ಸಲೀಸಾಗಿ ಹೋಗಬೇಕು. ಹೋಗದಿದ್ದರೆ ವಾಪಸ್ ತೆಗೆದು ಹಳೆ ಬೋಲ್ಟಿನ ಪಕ್ಕ ಇಟ್ಟು ಹಲ್ಲಿಗೆ ಹಲ್ಲು ಕೂರುತ್ತದೆಯೋ ನೋಡುತ್ತೇನೆ. ಹಾಗೆಯೇ ಎಂಜಿನಿನ ಜೊತೆ ಬಂದ 8 ಮಿಲಿಮೀಟರ್ ಬೋಲ್ಟಿನ ತಲೆಗೆ 12 ನಂಬರ್ ಸ್ಪ್ಯಾನರ್ ಬೇಕು, ಅಂಗಡಿಯಲ್ಲಿ ಕೊಂಡದ್ದಕ್ಕೆ ಸಾಮಾನ್ಯವಾಗಿ 13 ಬೇಕು. ಕಡಲಿಗೆ ಹೋಗುವಾಗ ಎರಡೂ ಜೊತೆಗಿರಲಿ.

ಹಾಕುವಾಗ ಪ್ರತಿಯೊಂದು ಥ್ರೆಡ್ಡಿಗೂ ನೀರಿಗೆ ತೊಳೆದು ಹೋಗದ ಮರೈನ್ ಗ್ರೀಸ್ ಹಚ್ಚುತ್ತೇನೆ. ಬರೀ ಒಣ ಬೋಲ್ಟು ಹಾಕುವುದು ಮುಂದಿನ ವರ್ಷಕ್ಕೆ ಕಷ್ಟ ಕೂಡಿಟ್ಟ ಹಾಗೆ.

ಕಚ್ಚಿದ ಬೋಲ್ಟು ಬಿಚ್ಚುವುದಕ್ಕೆ ತಾಳ್ಮೆಯೇ ಬೇಕು. ಉದ್ದದ ಪೈಪ್ ಸಿಕ್ಕಿಸಿ ಜಗ್ಗಿದರೆ ತಲೆ ಕೈಗೆ ಬರುತ್ತದೆ, ಉಳಿದದ್ದು ಒಳಗೇ ಉಳಿಯುತ್ತದೆ. ನಾನು ಮೊದಲು ಬಿಳಿ ಪುಡಿ ಕೆರೆದು ತೆಗೆದು, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೇ ಬಿಡುತ್ತೇನೆ. ಬೆಳಿಗ್ಗೆ ಬೋಲ್ಟಿನ ತಲೆಗೆ ನೇರವಾಗಿ ಸುತ್ತಿಗೆಯಿಂದ ಸಣ್ಣ ಸಣ್ಣ ಏಟು. ಆಮೇಲೆ ಬಿಚ್ಚುವ ದಿಕ್ಕಿಗೆ ತಿರುಗಿಸುವ ಮೊದಲು ಬಿಗಿ ಮಾಡುವ ದಿಕ್ಕಿಗೆ ಒಂದು ಚೂರು ಒತ್ತುತ್ತೇನೆ. ಹಿಡಿತ ಬಿಡುವುದು ಅಲ್ಲೇ. ಕಿರ್ ಎಂಬ ಸದ್ದು ಬಂದರೆ ಅರ್ಧ ಗೆದ್ದ ಹಾಗೆ. ಅದಕ್ಕೂ ಬಗ್ಗದಿದ್ದರೆ ಬಿಸಿ. ಪೆಟ್ರೋಲ್ ಡಬ್ಬಿ, ಪೈಪು ಎಲ್ಲ ದೂರ ಇಟ್ಟು ಬಿಸಿ ಗಾಳಿಯ ಗನ್ನಿನಲ್ಲಿ ಬೋಲ್ಟಿನ ಸುತ್ತಲಿನ ಅಲ್ಯೂಮಿನಿಯಂ ಕಾಯಿಸುತ್ತೇನೆ. ಸ್ಟೀಲಿಗಿಂತ ಅಲ್ಯೂಮಿನಿಯಂ ಜಾಸ್ತಿ ಹಿಗ್ಗುತ್ತದೆ, ಹಾಗಾಗಿ ತೂತು ಕೊಂಚ ಅಗಲವಾಗುತ್ತದೆ. ಎಣ್ಣೆ, ನೀರು ಸೋರದಂತೆ ತಡೆಯುವ ರಬ್ಬರ್ ಸೀಲ್ ಇರುವ ಜಾಗದ ಹತ್ತಿರ ಮಾತ್ರ ಬಿಸಿ ಬೇಡ. ಪ್ಲಸ್ ಸ್ಕ್ರೂಗಳ ತಲೆಯ ಮೇಲೆ ಒಂದು ಸಣ್ಣ ಚುಕ್ಕೆ ಕಂಡರೆ ಅದು ಜಪಾನಿನ ಅಳತೆಯದ್ದು. ನಮ್ಮ ಮಾಮೂಲಿ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಕೂರುವುದಿಲ್ಲ, ಜಾರಿ ತಲೆ ಸವೆಸುತ್ತದೆ. ಅಂಥದ್ದಕ್ಕೆ ಸುತ್ತಿಗೆಯಲ್ಲಿ ಹೊಡೆದಾಗ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಒಂದು ಇಟ್ಟುಕೊಂಡರೆ ಒಳ್ಳೆಯದು.

ಈಗ ಫ್ಯಾನು. ನಾನು ಅತಿ ಹೆಚ್ಚು ಹೊತ್ತು ಕೊಡುವುದು ಇಲ್ಲಿಗೇ. ಮೊದಲು ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಳಚಿಡುತ್ತೇನೆ, ಕೈ ಫ್ಯಾನಿನಲ್ಲಿರುವಾಗ ಎಂಜಿನ್ ಒಂದು ಕಿಕ್ ಕೊಟ್ಟರೂ ಬೆರಳು ಹೋಗುತ್ತದೆ. ಸ್ಪ್ಲಿಟ್ ಪಿನ್ ನೇರ ಮಾಡಿ ಎಳೆದು ಬಿಸಾಡುತ್ತೇನೆ. ಒಂದು ಸಲ ಮಡಚಿ ಬಿಡಿಸಿದ ಪಿನ್ ಮಡಿಕೆಯ ಜಾಗದಲ್ಲಿ ಸೀಳಿರಬಹುದು. ಬರಿಗಣ್ಣಿಗೆ ಕಾಣದೆಯೂ ಇರಬಹುದು. ಅದನ್ನೇ ಮತ್ತೆ ಹಾಕುವ ಮೆಕ್ಯಾನಿಕ್ಕುಗಳನ್ನು ನೋಡಿದ್ದೇನೆ. ಪಿನ್ನಿನ ಬದಲು ಮೊಳೆ, ಕಟ್ಟುವ ತಂತಿ ಹಾಕಿ ಹೋಗುವ ದೋಣಿಗಳೂ ಉಂಟು. ಕಬ್ಬಿಣದ ಮೊಳೆ ಉಪ್ಪು ನೀರಲ್ಲಿ ಎಷ್ಟು ದಿನ ತಾಳೀತು? ನಟ್ಟು ಸಡಿಲವಾದರೆ ಫ್ಯಾನು ಕಡಲ ಪಾಲು.

ಫ್ಯಾನ್ ಹೊರಗೆ ಎಳೆದ ಮೇಲೆ ಶಾಫ್ಟಿನ ಬುಡವನ್ನು ಟಾರ್ಚ್ ಹಾಕಿ ನೋಡಬೇಕು. ಬಲೆಯ ನೂಲು ಅಲ್ಲಿ ಸುತ್ತಿಕೊಂಡಿರುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ತಿರುಗುವ ಶಾಫ್ಟಿನ ಬಿಸಿಗೆ ನೈಲಾನ್ ಕರಗಿ ಗಟ್ಟಿ ಬಳೆಯಾಗಿ ಕೂತಿರುತ್ತದೆ. ಅದು ಒಳಗೆ ಸರಿದು ಆಯಿಲ್ ಸೀಲಿನ ತುಟಿ ಕತ್ತರಿಸುತ್ತದೆ, ಅಲ್ಲಿಂದ ಗೇರಿಗೆ ನೀರು. ನಾನು ಚೂಪು ಚಾಕು ಬಳಸುವುದಿಲ್ಲ, ಸೀಲಿಗೆ ತಾಗೀತು. ಕೊಕ್ಕೆ ಮಾಡಿದ ತಂತಿಯಿಂದ ಒಂದು ತುದಿ ಎತ್ತಿ, ಇಕ್ಕಳದಲ್ಲಿ ಹಿಡಿದು ಸುತ್ತು ಬಿಡಿಸುತ್ತೇನೆ. ಬಲೆ ಸಿಕ್ಕಿದ ದಿನ ದಡಕ್ಕೆ ಬಂದ ಕೂಡಲೇ ಈ ಕೆಲಸ, ಮೇ ತಿಂಗಳಿಗೆಂದು ಕಾಯುವುದಿಲ್ಲ.

ವಾಪಸ್ ಹಾಕುವಾಗ ಶಾಫ್ಟಿನ ಹಲ್ಲುಗಳಿಗೆ ಧಾರಾಳ ಗ್ರೀಸ್. ಮೊದಲು ದಪ್ಪ ಥ್ರಸ್ಟ್ ವಾಷರ್, ಅದರ ಇಳಿಜಾರು ಮುಖ ಎಂಜಿನಿನ ಕಡೆಗೆ. ಆಮೇಲೆ ಫ್ಯಾನು, ಹೊರಗಿನ ವಾಷರ್ರು, ನಟ್ಟು. ಥ್ರಸ್ಟ್ ವಾಷರ್ ಮರೆತರೆ ಫ್ಯಾನಿನ ತಳ ಗೇರ್ ಪೆಟ್ಟಿಗೆಗೆ ಉಜ್ಜುತ್ತದೆ. ನಟ್ಟಿನ ಅಂಚಿನ ಸೀಳಿಗೂ ಶಾಫ್ಟಿನ ತೂತಿಗೂ ಸರಿಹೊಂದದಿದ್ದರೆ ಮುಂದಿನ ಸೀಳಿನವರೆಗೆ ಬಿಗಿ ಮಾಡಬೇಕು, ಹಿಂದಕ್ಕೆ ಸಡಿಲಿಸಬಾರದು. ಹೊಸ ಸ್ಟೇನ್‌ಲೆಸ್ ಪಿನ್ ತೂರಿಸಿ ಎರಡು ಕಾಲನ್ನೂ ವಿರುದ್ಧ ದಿಕ್ಕಿಗೆ ಮಡಚುತ್ತೇನೆ. ತುದಿ ಹೊರಗೆ ಚಾಚಿದ್ದರೆ ಬಲೆ ಅದಕ್ಕೇ ಸಿಕ್ಕುತ್ತದೆ, ನೆನಪಿರಲಿ.

ಇನ್ನೊಂದು ಗುಟ್ಟು. ಎಂಜಿನ್ ಕೂಗುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ ಎಂದಾದರೆ ಫ್ಯಾನಿನ ನಡುವಿನ ರಬ್ಬರ್ ಹಬ್ ಜಾರುತ್ತಿರಬಹುದು. ಹಬ್ ಮತ್ತು ಫ್ಯಾನಿನ ಮೇಲೆ ಅಡ್ಡಲಾಗಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಓಡಿಸಿ ಬಂದು ನೋಡಿ. ಗೆರೆ ಮುರಿದಿದ್ದರೆ ಹಬ್ ಹೋಗಿದೆ. ತುಂಬ ಸಣ್ಣ, ಹಳೆ ಎಂಜಿನುಗಳಲ್ಲಿ ರಬ್ಬರ್ ಹಬ್ ಬದಲು ಶಿಯರ್ ಪಿನ್ ಇರುತ್ತದೆ, ಫ್ಯಾನ್ ಬಂಡೆಗೆ ಬಡಿದಾಗ ತಾನು ತುಂಡಾಗಿ ಗೇರನ್ನು ಉಳಿಸುತ್ತದೆ. ಅದರ ಜಾಗಕ್ಕೆ ಗಟ್ಟಿ ಸ್ಟೀಲ್ ಪಿನ್ ಹಾಕಿದರೆ ಪಿನ್ ಉಳಿಯುತ್ತದೆ, ಗೇರ್ ಹೋಗುತ್ತದೆ. ಕಂಪನಿ ಹೇಳಿದ ಪಿನ್ನನ್ನೇ ಹಾಕಿ.

ಗೇರ್ ಎಣ್ಣೆಯನ್ನು 100 ಗಂಟೆ ಓಡಿದಾಗ ಅಥವಾ 6 ತಿಂಗಳಿಗೊಮ್ಮೆ ಬದಲಿಸಬೇಕು. ಎಂಜಿನ್ ನೆಟ್ಟಗೆ ನಿಲ್ಲಿಸಿ ಕೆಳಗಿನ ಸ್ಕ್ರೂ ಮೊದಲು, ಮೇಲಿನದು ಆಮೇಲೆ ತೆಗೆಯುತ್ತೇನೆ. ಎಣ್ಣೆ ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿದ್ದರೆ ನೀರು ಹೋಗಿದೆ ಎಂದರ್ಥ. ತುಂಬುವುದು ಕೆಳಗಿನ ತೂತಿನಿಂದ, ಮೇಲಿನ ತೂತಲ್ಲಿ ಗುಳ್ಳೆ ಇಲ್ಲದೆ ಎಣ್ಣೆ ಬರುವವರೆಗೆ. ಮೇಲಿನಿಂದ ಸುರಿದರೆ ಒಳಗೆ ಗಾಳಿ ಉಳಿಯುತ್ತದೆ. ಮೊದಲು ಮೇಲಿನ ಸ್ಕ್ರೂ ಮುಚ್ಚಿ, ಆಮೇಲೆ ಕೆಳಗಿನದು. ಆ ಎರಡು ಸ್ಕ್ರೂಗಳ ವಾಷರ್ ಪ್ರತಿ ಸಲ ಹೊಸದೇ ಆಗಬೇಕು. ಚಪ್ಪಟೆಯಾದ ವಾಷರ್ ಮತ್ತೆ ಸೀಲ್ ಆಗುವುದಿಲ್ಲ.

ನೀರಿನ ಪಂಪಿನ ಇಂಪೆಲ್ಲರನ್ನು, ಅಂದರೆ ರಬ್ಬರ್ ಎಲೆಗಳ ಚಕ್ರವನ್ನು, ನಾನು ವರ್ಷಕ್ಕೊಮ್ಮೆ, ಹೇಗೇ ಇರಲಿ, ಬದಲಿಸಿಬಿಡುತ್ತೇನೆ. ನಮ್ಮ ಅಳಿವೆಯ ನೀರಲ್ಲಿ ಮರಳು ಜಾಸ್ತಿ, ರಬ್ಬರ್ ಬೇಗ ಸವೆಯುತ್ತದೆ. ಗೇರ್ ಪೆಟ್ಟಿಗೆ ಇಳಿಸುವ ಮೊದಲು ಗೇರ್ ಬದಲಿಸುವ ಶಿಫ್ಟ್ ರಾಡಿನ ಜೋಡಣೆ ಬಿಡಿಸಬೇಕು. ಹಳೆ ಇಂಪೆಲ್ಲರಿನ ಎಲೆ ಒಂದು ತುಂಡು ಕಡಿಮೆ ಇದ್ದರೆ ಆ ತುಂಡನ್ನು ಹುಡುಕಲೇಬೇಕು. ಅದು ಮೇಲಿನ ನೀರಿನ ದಾರಿಯಲ್ಲಿ ಕೂತಿರುತ್ತದೆ, ಹೊಸ ಇಂಪೆಲ್ಲರ್ ಹಾಕಿದರೂ ಎಂಜಿನ್ ಬಿಸಿಯಾಗುತ್ತದೆ. ಶಾಫ್ಟಿನ ಅರ್ಧಚಂದ್ರದ ಕೀ ಉಗುರಿನಷ್ಟು ಚಿಕ್ಕದು, ಮರಳಲ್ಲಿ ಬಿದ್ದರೆ ಸಿಗುವುದಿಲ್ಲ. ಗ್ರೀಸ್ ಹಚ್ಚಿ ಅಂಟಿಸಿ ಕೂರಿಸುತ್ತೇನೆ. ಪಂಪಿನ ಮೇಲಿನ ಕಪ್ ಒತ್ತುವಾಗ ಶಾಫ್ಟನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುತ್ತಾ ಹೋದರೆ ಎಲೆಗಳು ಸರಿಯಾದ ಕಡೆಗೆ ಬಾಗುತ್ತವೆ.

ಪೈಪಿನ ಕ್ಲಿಪ್ಪುಗಳಿಗೂ ಅಯಸ್ಕಾಂತ ಹಿಡಿಯಿರಿ. ಪಟ್ಟಿ ಸ್ಟೇನ್‌ಲೆಸ್ ಇದ್ದು ಸ್ಕ್ರೂ ಮಾತ್ರ ಕಬ್ಬಿಣದ್ದು ಇರುವುದೇ ಜಾಸ್ತಿ. ಇಂಧನ ಪಂಪ್ ಮಾಡುವ ರಬ್ಬರ್ ಬಲ್ಬು ಒತ್ತಿದರೂ ಗಟ್ಟಿಯಾಗದಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಕನೆಕ್ಟರಿನ ಓ ರಿಂಗ್, ಅಂದರೆ ರಬ್ಬರ್ ಬಳೆ, ಮೊದಲು ನೋಡಿ.

ಎಂಜಿನ್ ನೇತಾಡುವ ಹಿಡಿತದ ಸ್ಕ್ರೂಗಳನ್ನು ಪ್ರತಿದಿನ ಕೈಯಲ್ಲಿ ಬಿಗಿ ಮಾಡಿ ನೋಡುತ್ತೇನೆ. ಫೈಬರ್ ದೋಣಿಯ ಹಿಂದಿನ ಹಲಗೆಗೆ ಬೋಲ್ಟ್ ತೂತು ಕೊರೆದರೆ ಒಳಗೆ ಸೀಲಂಟ್ ತುಂಬಲೇಬೇಕು. ನೀರು ಇಳಿದರೆ ಒಳಗಿನ ಮರ ಕೊಳೆಯುತ್ತದೆ, ಆಮೇಲೆ ಬೋಲ್ಟು ಎಷ್ಟು ಬಿಗಿ ಮಾಡಿದರೂ ಹಿಡಿಯುವುದಿಲ್ಲ. ನಟ್ಟುಗಳು ನೈಲಾನ್ ರಿಂಗ್ ಇರುವವೇ ಆಗಲಿ, ನಡುಕಕ್ಕೆ ಸಡಿಲವಾಗುವುದಿಲ್ಲ. ಎಂಜಿನಿಗೂ ದೋಣಿಗೂ ಒಂದು ಗಟ್ಟಿ ಹಗ್ಗ ಕಟ್ಟಿರುವುದು ಕಡ್ಡಾಯ.

ದೋಣಿಯಲ್ಲಿ ಮುಚ್ಚಳ ಗಟ್ಟಿ ಇರುವ ಒಂದು ಪ್ಲಾಸ್ಟಿಕ್ ಡಬ್ಬಿ ಇಟ್ಟಿದ್ದೇನೆ: ಸ್ಪ್ಲಿಟ್ ಪಿನ್ನುಗಳು, ಒಂದು ಫ್ಯಾನ್ ನಟ್ಟು, ವಾಷರ್ರು, ಎರಡು ಪ್ಲಗ್ಗು, ಪ್ಲಗ್ ಸ್ಪ್ಯಾನರ್, ಕ್ಲಿಪ್ಪು, ಸ್ಟಾರ್ಟರ್ ಹಗ್ಗ. ಎಲ್ಲಕ್ಕೂ ಗ್ರೀಸ್ ಸವರಿದ ಬಟ್ಟೆ ಸುತ್ತಿದೆ. ಡಬ್ಬಿಯಿಂದ ಒಂದು ತೆಗೆದ ದಿನವೇ ಇನ್ನೊಂದು ತಂದು ಹಾಕುತ್ತೇನೆ.

ಸೀಮೆಎಣ್ಣೆ ಎಂಜಿನ್ ಆದರೆ ನಿಲ್ಲಿಸುವ ಮೊದಲು ಪೆಟ್ರೋಲಿಗೆ ಬದಲಿಸಿ ಸ್ವಲ್ಪ ಹೊತ್ತು ಓಡಿಸಿ, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಉಳಿದರೆ ಮರುದಿನ ಸುಲಭವಾಗಿ ಸ್ಟಾರ್ಟ್ ಆಗುತ್ತದೆ. ದಡಕ್ಕೆ ತಂದ ಮೇಲೆ ಬಾವಿ ನೀರು ತುಂಬಿದ ಡ್ರಮ್ಮಿನಲ್ಲಿ ನ್ಯೂಟ್ರಲ್‌ನಲ್ಲಿ ಹತ್ತು ಹದಿನೈದು ನಿಮಿಷ ಓಡಿಸಿ ಉಪ್ಪು ತೊಳೆಯುತ್ತೇನೆ. ನೀರು ಹೀರುವ ತೂತಿಗಿಂತ ಡ್ರಮ್ಮಿನ ನೀರು ಮೇಲಿರಬೇಕು.

ಎಲ್ಲ ಜೋಡಿಸಿದ ಮೇಲೆ ನಾನು ನೇರ ಕಡಲಿಗೆ ಹೋಗುವುದಿಲ್ಲ. ಹೊಳೆಯಲ್ಲೇ ಒಂದು ಸುತ್ತು ಹೊಡೆದು, ಬದಿಯ ತೂತಿನಿಂದ ನೀರು ಜೋರಾಗಿ ಚಿಮ್ಮುತ್ತದೆಯೋ ನೋಡಿ, ವಾಪಸ್ ಬಂದು ಎಂಜಿನ್ ತಣ್ಣಗಾದ ಮೇಲೆ ಹೊಸದಾಗಿ ಹಾಕಿದ ಪ್ರತಿ ಬೋಲ್ಟಿಗೂ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡುತ್ತೇನೆ. ಒಂದೆರಡಾದರೂ ಕಾಲು ಸುತ್ತು ಹೋಗೇ ಹೋಗುತ್ತವೆ.