ಹೇನು ಸತ್ತರೂ ಸೀರು ಉಳಿದಿತ್ತು

ಉಪ್ಪುನೀರಿನ ಟ್ಯಾಂಕಿನಲ್ಲಿ ಕೋರಲ್ (ಹವಳ) ಸಾಕುವವರಿಗೆ, ಮಾಂಟಿಪೋರಾ ಅನ್ನುವ ಗಟ್ಟಿ ಕೋರಲನ್ನು ತಿನ್ನುವ ನುಡಿಬ್ರಾಂಕ್, ಅಂದರೆ ಚಿಪ್ಪಿಲ್ಲದ ಪುಟ್ಟ ಸಮುದ್ರದ ಬಸವನಹುಳು, ಹೊಕ್ಕರೆ ಕೋರಲ್ ಬಿಸಾಕಿ ಅಂತಲೇ ಎಲ್ಲರೂ ಹೇಳುವುದು. ಇಲ್ಲಿ ಅಮೆರಿಕದ ಫ್ರೀಮಾಂಟಿನ ಗೆಳೆಯರೊಬ್ಬರು ನನ್ನ ಟ್ಯಾಂಕ್ ನೋಡಿ, "ಸುಮ್ನೆ ದುಡ್ಡು ಹಾಳು ಮಾಡ್ಬೇಡಿ, ಎತ್ತಿ ಕಸಕ್ಕೆ ಹಾಕಿ" ಅಂದು, ಕಾಫಿ ಕುಡಿದು ಹೋದರು. ನಾನು ಹಾಕಲಿಲ್ಲ. ಈಗ 14 ತಿಂಗಳಾಯಿತು, ಒಂದು ಹುಳುವೂ ಕಂಡಿಲ್ಲ. ಹೋದ ತಿಂಗಳು ಅದೇ ಗೆಳೆಯರು ಬಂದು ನನ್ನಿಂದಲೇ ಒಂದು ಫ್ರ್ಯಾಗ್ (ಬೆಳೆಸಲು ಕೋರಲಿನಿಂದ ಮುರಿದ ಸಣ್ಣ ತುಂಡು) ಇಸ್ಕೊಂಡು ಹೋದರು.

ನಂದು 75 ಗ್ಯಾಲನ್ ಟ್ಯಾಂಕ್. ಹಸಿರು ಮಾಂಟಿ ಕ್ಯಾಪ್ (ತಟ್ಟೆಯ ಹಾಗೆ ಹರಡುವ ಮಾಂಟಿಪೋರಾ) ಒಂದು ಊಟದ ತಟ್ಟೆಯಷ್ಟು ಅಗಲ ಆಗಿತ್ತು, ಎರಡೂವರೆ ವರ್ಷದ ಬೆಳೆ. ಅದರ ಬುಡದಿಂದ ಬಿಳಿ ಅಂಚು ಮೇಲೇರತೊಡಗಿತು. ನೀರಿನ ಆಲ್ಕಲಿನಿಟಿ (ಕ್ಷಾರದ ಮಟ್ಟ) ಏರುಪೇರು ಅಂದುಕೊಂಡು ಮೂರು ವಾರ ಟೆಸ್ಟ್ ಕಿಟ್ ಹಿಡಿದು ಕೂತೆ. ಒಂದು ರಾತ್ರಿ ಮಗುಚಿ ನೋಡಿದರೆ ಅಡಿಯಲ್ಲಿ ಅಕ್ಕಿನುಚ್ಚಿನಂಥ ಬಿಳಿ ಹುಳುಗಳು, ಬೆನ್ನ ತುಂಬ ಕುಚ್ಚು. ಟಾರ್ಚ್ ಹಿಡಿದರೆ ಗಾಬರಿಯೂ ಇಲ್ಲ, ಅಂಚಿನ ಮೇಲೆ ಊಟ ಮಾಡುತ್ತಲೇ ಇದ್ದವು. ಪಕ್ಕದಲ್ಲಿ ಜೀವ ಹೋಗಿ ಬೋಳಾದ ಕೋರಲಿನ ಮೂಳೆಯ ಗುಳಿಗಳಲ್ಲಿ ಮೊಟ್ಟೆ.

ಹವ್ಯಾಸಿಗಳನ್ನು ವರ್ಷಗಟ್ಟಲೆ ಗೋಳು ಹೊಯ್ದುಕೊಂಡ ಈ ಹುಳುವಿಗೆ ವಿಜ್ಞಾನಿಗಳು ಫೆಸ್ಟಿಲ್ಲಾ ಸಬೋಡಿಯೋಸಸ್ ಅಂತ ಹೆಸರಿಟ್ಟಿದ್ದು 2020ರಲ್ಲಿ. ನಾನು ಇಟ್ಟ ಹೆಸರುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮೊದಲ ಪೆಟ್ಟು ಎರಡು ಹಳದಿ ರಾಸ್ ಮೀನು, ಹುಳು ಹೆಕ್ಕಿ ತಿನ್ನಲಿ ಅಂತ. ಸುಮಾರು 90 ಡಾಲರ್. ಒಂದು ನಾಲ್ಕನೇ ದಿನವೇ ಹಾರಿ ಸೋಫಾ ಹಿಂದೆ ಒಣಗಿ ಸಿಕ್ಕಿತು. ಬಲೆ ಮುಚ್ಚಳ ಹಾಕದಿದ್ದುದು ನನ್ನದೇ ತಪ್ಪು. ಇನ್ನೊಂದು ಚೆನ್ನಾಗಿಯೇ ತಿಂದು ದಪ್ಪಗಾಯಿತು, ಆದರೆ ತಟ್ಟೆಯ ಅಡಿಗೆ ಅದರ ಮೂತಿ ಹೋಗುತ್ತಿರಲಿಲ್ಲ.

ಆಮೇಲೆ ಅಂಗಡಿಯ ಡಿಪ್, ಅಂದರೆ ಕೋರಲನ್ನು ಸ್ವಲ್ಪ ಹೊತ್ತು ಅದ್ದಿಡುವ ಔಷಧದ ನೀರು. ಐದು ಶನಿವಾರ ಬಿಡದೆ ಮಾಡಿದೆ. ಪ್ರತಿ ಸಲವೂ ಬಟ್ಟಲಿನ ತಳದಲ್ಲಿ ಹುಳು ಸತ್ತು ಬಿದ್ದಿರುತ್ತಿದ್ದವು, ನನಗೋ ಖುಷಿ. ಮುಂದಿನ ಶನಿವಾರ ಮತ್ತೆ ಅಷ್ಟೇ. ಚಿಕ್ಕಂದಿನಲ್ಲಿ ಅಮ್ಮ ಅಕ್ಕನ ತಲೆಗೆ ಸೀರಣಿಗೆ ಹಾಕುತ್ತಿದ್ದುದು ನೆನಪಾಯಿತು. ಹೇನು ಸಾಯುವುದು ಸುಲಭ, ಸೀರು ಬಿಡುವುದಿಲ್ಲ. ಡಿಪ್ಪಿಗೆ ಮೊಟ್ಟೆ ಜಗ್ಗುವುದಿಲ್ಲ ಅಂತ ಓದಿದ್ದೆ, ನಂಬಿರಲಿಲ್ಲ ಅಷ್ಟೇ.

ಜಾಸ್ತಿ ಖಾರದ್ದಿರಲಿ ಅಂತ ಇಮಿಡಾಕ್ಲೋಪ್ರಿಡ್ ಇರುವ ತೋಟದ ಔಷಧಕ್ಕೂ ಹೋದೆ. ಊರಲ್ಲಿ ಅಣ್ಣ ಮೆಣಸಿನಕಾಯಿ ಗಿಡಕ್ಕೆ ಹೊಡೆಯುವುದೂ ಇದನ್ನೇ. ಫೋನಲ್ಲಿ ಹೇಳಿದರೆ, "ಥ್ರಿಪ್ಸಿಗೇ ಸರಿಯಾಗಿ ಕೆಲಸ ಮಾಡ್ತಿಲ್ಲ ಕಣೋ, ನಿನ್ ಸಮುದ್ರಕ್ಕೇನ್ ಮಾಡುತ್ತೆ" ಅಂತ ನಕ್ಕ. ಹುಳು ಸತ್ತವು, ಮೊಟ್ಟೆ ಅಲ್ಲಾಡಲಿಲ್ಲ. ಗ್ಲೌಸ್ ಹಾಕಿ, ಮೂರು ನೀರಲ್ಲಿ ಅಲುಬಿದೆ. ಆದರೂ ಪಕ್ಕದ ಅಕ್ರೋಪೋರಾ ಕೋರಲಿನಲ್ಲಿದ್ದ ಪುಟ್ಟ ಏಡಿ ಹೋಯಿತು. ಅಳತೆ ಎಷ್ಟು ಅಂತ ಇಲ್ಲಿ ಬರೆಯಲ್ಲ, ನೋಡಿ ಯಾರಾದರೂ ದುಪ್ಪಟ್ಟು ಹಾಕುತ್ತಾರೆ.

ಈ ಮಧ್ಯೆ ಒಂದು ತಮಾಷೆ ಮಾಡಿದೆ. ಎರಡು ಹುಳುಗಳನ್ನು ಒಂದು ಲೋಟದಲ್ಲಿ ಝೋವಾಂತಿಡ್ (ಹವಳದಂಥ ಮೆತ್ತನೆಯ ಬೇರೆ ಜೀವಿ) ಜೊತೆ, ಮೊಟ್ಟೆ ಇದ್ದ ಮೂಳೆಯ ಚೂರನ್ನು ಇನ್ನೊಂದು ಲೋಟದಲ್ಲಿ ಬಿಟ್ಟೆ. ಲೋಟಗಳು ಟ್ಯಾಂಕಿನ ಅಂಚಿಗೆ ನೇತಾಡುತ್ತಿದ್ದವು, ನೀರು ಬೆಚ್ಚಗಿರಲಿ ಅಂತ. ಝೋವಾಂತಿಡ್ಡನ್ನು ಅವು ಮೂಸಿಯೂ ನೋಡಲಿಲ್ಲ. ಐದೋ ಆರೋ ದಿನಕ್ಕೆ ಎರಡೂ ಸತ್ತವು. ಮೊಟ್ಟೆಗಳು ಹೆಚ್ಚುಕಡಿಮೆ ಆರನೇ ದಿನ ಒಡೆದವು. ಅಲ್ಲಿಗೆ ನನ್ನ ತಪ್ಪು ಗೊತ್ತಾಯಿತು. ಡಿಪ್ ಮಾಡಿದ ಕೋರಲನ್ನು ವಾಪಸ್ ಅದೇ ಟ್ಯಾಂಕಿಗೆ ಇಟ್ಟು, ಅಲ್ಲಿ ಉಳಿದ ಹುಳುಗಳಿಗೆ ನಾನೇ ಊಟ ಬಡಿಸುತ್ತಿದ್ದೆನಲ್ಲ!

ಗ್ಯಾರೇಜಿನಲ್ಲಿ ಎರಡು ಪ್ಲಾಸ್ಟಿಕ್ ಟಬ್ ಹಾಕಿದೆ. ಒಂದೊಂದರಲ್ಲಿ 12 ಗ್ಯಾಲನ್ ಹೊಸ ಉಪ್ಪುನೀರು, ಹೀಟರ್, ಸಣ್ಣ ಪಂಪ್, ಮೇಲೆ ಹಳೇ ಎಲ್‌ಇಡಿ. ಮಾಂಟಿಗಳನ್ನೆಲ್ಲ ಕತ್ತರಿಸಿ, ಜೀವ ಇರುವ ಭಾಗ ಮಾತ್ರ ಉಳಿಸಿಕೊಂಡೆ. ತಟ್ಟೆ ಮುರಿಯುವಾಗ ಹಪ್ಪಳ ಮುರಿದ ಸದ್ದು, ಹೊಟ್ಟೆ ಉರಿಯಿತು. ಬೋಳು ಮೂಳೆ ಎಲ್ಲೆಲ್ಲಿ ಕಂಡಿತೋ ಅಲ್ಲೆಲ್ಲ ಸೂಪರ್‌ಗ್ಲೂ ಜೆಲ್ ಮೆತ್ತಿದೆ. ಮೊಟ್ಟೆ ಇಡಲು ಜಾಗವೇ ಇರಬಾರದು. ನಾಲ್ಕು ದಿನಕ್ಕೊಮ್ಮೆ ಡಿಪ್, ತೊಳೆದು ಇನ್ನೊಂದು ಟಬ್ಬಿಗೆ ವರ್ಗ. ಖಾಲಿಯಾದ ಟಬ್ ತೊಳೆದು ಪೂರ್ತಿ ಒಣಗಬೇಕು. ಎಂಟು ವಾರ. ಅಂಟು ಮೆತ್ತುವ ಮುಂಚೆ ಮೂಳೆಗೆ ಇನ್ನೊಂದು ಕೆಲಸ ಮಾಡುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

"ಟಬ್ಬಲ್ಲಿ ಮಾಂಟಿ ಬದುಕಲ್ಲ" ಅಂತ ಕೆಲವರು ಅಂದರು. ನಿಜ, ಮೊದಲ ವಾರವೇ ಎರಡು ಫ್ರ್ಯಾಗ್ ಹೋದವು. ಕಾರಣ ಟಬ್ ಅಲ್ಲ. ಹೊಸ ಉಪ್ಪಿನ ಆಲ್ಕಲಿನಿಟಿ 11ರ ಹತ್ತಿರ, ನನ್ನ ಟ್ಯಾಂಕಿನದು 8. ಉಪ್ಪಿನ ಬ್ರ್ಯಾಂಡ್ ಬದಲಾಯಿಸಿದ ಮೇಲೆ ಒಂದೂ ಹೋಗಲಿಲ್ಲ.

ಮೂರನೇ ವಾರ ಮುಖ್ಯ ಟ್ಯಾಂಕಿನ ಗಾಜಿನ ಮೇಲೆ ಒಂದು ಹುಳು ಕಂಡಿತು. ಮಾಂಟಿಯೇ ಇಲ್ಲದ ಟ್ಯಾಂಕಿನಲ್ಲಿ! ಅರ್ಧ ದಿನ ಹುಡುಕಿದ ಮೇಲೆ, ಓವರ್‌ಫ್ಲೋ ಡಬ್ಬಿಯ ಹಿಂದೆ ಬಂಡೆಗೆ ಅಂಟಿಕೊಂಡ ಕಿತ್ತಳೆ ಮಾಂಟಿ ಸಿಕ್ಕಿತು, ಒಂದು ರೂಪಾಯಿ ನಾಣ್ಯದಷ್ಟು. ನಾನು ಮರೆತಿದ್ದೆ, ಹುಳು ಮರೆತಿರಲಿಲ್ಲ. ಉಳಿಯಿಂದ ಕೆತ್ತಿ, ಮೇಲೆ ಅಂಟು ಬಳಿದು, ಲೆಕ್ಕ ಮತ್ತೆ ಒಂದರಿಂದ ಶುರು ಮಾಡಿದೆ. ಒಟ್ಟು ಹನ್ನೊಂದು ವಾರ.

ಖರ್ಚು? 200 ಗ್ಯಾಲನ್‌ಗೆ ಆಗುವ ಉಪ್ಪಿನ ಬಕೆಟ್ ಒಂದೂ ಚಿಲ್ಲರೆ, ಡಿಪ್, ಮೀನು, ಅಂಟು ಎಲ್ಲ ಸೇರಿ 450 ಡಾಲರ್ ಅಂತ ನನ್ನ ಲೆಕ್ಕ. ಹೆಂಡತಿಯ ಲೆಕ್ಕದಲ್ಲಿ 700. ಹೊಸ ಫ್ರ್ಯಾಗ್‌ಗಳನ್ನೇ ತಂದಿದ್ದರೆ 300ಕ್ಕೆ ಮುಗಿಯುತ್ತಿತ್ತು ಅಂತಾಳೆ. ಆ ತಟ್ಟೆ ಯಾವ ಅಂಗಡಿಯಲ್ಲಿ ಸಿಗುತ್ತೆ ಹೇಳಿ?

ಬೆಂಗಳೂರಲ್ಲಿದ್ದಾಗ ಶಿವಾಜಿನಗರದಿಂದ ತಂದ ಗಪ್ಪಿಗಳ ಜೊತೆ ಇಂಥ ಕಾಟ ಇರಲಿಲ್ಲ. ಅಲ್ಲಿ ಗಟ್ಟಿ ಕೋರಲ್‌ಗಳು 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಷೆಡ್ಯೂಲಿನಲ್ಲಿವೆ, ಇಟ್ಟುಕೊಳ್ಳುವ ಮಾತೇ ಇಲ್ಲ.

ಈಗ ಯಾರು ಎಷ್ಟೇ ಹತ್ತಿರದವರು ಫ್ರ್ಯಾಗ್ ಕೊಟ್ಟರೂ ಅದನ್ನು ಅಂಟಿಸಿರುವ ಪ್ಲಗ್ (ಪುಟ್ಟ ಬಿಲ್ಲೆ) ಮುರಿದು ಬಿಸಾಕಿ, ಬುಡಕ್ಕೆ ಅಂಟು ಬಳಿದು, ಆರು ವಾರ ಗ್ಯಾರೇಜಿನ ಟಬ್ಬಲ್ಲಿ ಇಡುತ್ತೇನೆ. ಕೊಟ್ಟವರ ಎದುರಿಗೇ ಪ್ಲಗ್ ಮುರಿದೆ ಅಂತ ಒಬ್ಬರು ಬೇಜಾರು ಮಾಡಿಕೊಂಡಿದ್ದಾರೆ. ಅವರ ಪ್ಲಗ್ಗಿನ ಅಡಿಯಲ್ಲಿ ಏನಿತ್ತು ಅಂತ ನಾನಿನ್ನೂ ಅವರಿಗೆ ಹೇಳಿಲ್ಲ.