ಡಚ್ ಭಾಷೆಯಲ್ಲಿ ದಿಕ್ಕು ಹೇಳುವುದು ಹೇಗೆ?

ಮೂಲ ಪದಗಳು ನಾಲ್ಕೇ: ನೋರ್ಟ್ (ಉತ್ತರ), ಓಸ್ಟ್ (ಪೂರ್ವ), ಝಯ್ಟ್ (ದಕ್ಷಿಣ), ವೆಸ್ಟ್ (ಪಶ್ಚಿಮ). ನೋರ್ಟ್, ಝಯ್ಟ್ ಪದಗಳ ಕೊನೆಗೆ ಬರೆಯುವುದು 'ಡಿ' ಅಕ್ಷರ, ಉಚ್ಚಾರ ಮಾತ್ರ 'ಟ್'. ಝಯ್ಟ್ ನಡುವಿನ ಸ್ವರ ಕನ್ನಡದಲ್ಲಿಲ್ಲ. 'ಎ' ಎನ್ನುತ್ತಲೇ ತುಟಿ ದುಂಡಗೆ ಮಾಡಿ, ಹತ್ತಿರ ಬರುತ್ತದೆ.

ನಾಮಪದವಾಗಿ ಬಳಸುವಾಗ 'ಎನ್' ಸೇರಿಸಿ, ಮುಂದೆ 'ಹೆಟ್' ಇಡಿ: ಹೆಟ್ ನೋರ್ಡೆನ್, ಹೆಟ್ ಝಯ್ಡೆನ್. ಸ್ವರ ಬಂದೊಡನೆ 'ಟ್' ಮತ್ತೆ 'ಡ್' ಆಗುವುದನ್ನು ಗಮನಿಸಿ. ದಕ್ಷಿಣದ ಕಡೆಗೆ ಅಂದರೆ 'ನಾರ್ ಹೆಟ್ ಝಯ್ಡೆನ್'.

ಹೆಚ್ಚಿನವರು ಎಡವುವುದು ಇಲ್ಲಿ. ಕನ್ನಡದ 'ಉತ್ತರದಲ್ಲಿ' ಎಂಬುದಕ್ಕೆ ಡಚ್ಚಿನಲ್ಲಿ ಎರಡು ರೂಪ. ಗ್ರೋನಿಂಗನ್ ನಗರ ನೆದರ್ಲೆಂಡ್ಸ್ ಒಳಗೇ ಇದೆ, ಹಾಗಾಗಿ 'ಇನ್ ಹೆಟ್ ನೋರ್ಡೆನ್ ಫಾನ್ ನೇಡರ್ಲಾಂಟ್'. ಹಾರ್ಲೆಮ್ ಇರುವುದು ಆಮ್‌ಸ್ಟರ್‌ಡ್ಯಾಮಿನ ಹೊರಗೆ, ಪಶ್ಚಿಮಕ್ಕೆ. ಅದಕ್ಕೆ 'ಟೆನ್ ವೆಸ್ಟೆನ್ ಫಾನ್ ಆಮ್‌ಸ್ಟರ್‌ಡ್ಯಾಮ್'. 'ಇನ್ ಹೆಟ್' ಎಂದಿರೋ, ಹಾರ್ಲೆಮ್ ಆ ನಗರದ ಒಂದು ಬಡಾವಣೆಯಾಗಿಬಿಡುತ್ತದೆ.

ಮೂಲೆ ದಿಕ್ಕುಗಳಲ್ಲಿ ಉತ್ತರ-ದಕ್ಷಿಣವೇ ಮೊದಲು: ನೋರ್ಟ್‌ಓಸ್ಟ್, ಝಯ್ಟ್‌ವೆಸ್ಟ್. ಇವನ್ನು ಒಂದೇ ಪದವಾಗಿ ಬರೆಯಬೇಕು. ನೋರ್ಟ್-ಹಾಲಂಟ್‌ನಂಥ ಸ್ಥಳದ ಹೆಸರಿಗಾದರೆ ನಡುವೆ ಅಡ್ಡಗೆರೆ. ಗಾಳಿಗೆ ಅದು ಬೀಸಿ ಬರುವ ದಿಕ್ಕಿನದೇ ಹೆಸರು: 'ವೆಸ್ಟೆನ್‌ವಿಂಟ್' ಪಶ್ಚಿಮದಿಂದ ಬರುವ ಗಾಳಿ.

ನಕ್ಷೆಯಲ್ಲಿ 'ಓ' ಕಂಡರೆ ಪೂರ್ವ. ಫ್ರೆಂಚ್ ನಕ್ಷೆಯಲ್ಲಿ ಅದೇ ಅಕ್ಷರ ಪಶ್ಚಿಮ!